ಔಷಧಸೇವನೆಯಲ್ಲಿ ಕಾಲವಿವೇಕ: ಥೈರಾಯ್ಡ್ ಮಾತ್ರೆ, ಜೀವಸತ್ವಗಳು ಮತ್ತು ವ್ರತನಿಯಮ

ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾದ ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂಬ ಎರಡು ಭಾವನೆಗಳು ಸೇರಿರುವುದು ಶ್ರಾವಕ ಶ್ರಾವಿಕೆಯರಿಗೆಲ್ಲ ಸುವಿದಿತವಾಗಿದೆ. ತ್ಯಾಗವನ್ನಾಗಲಿ ತಪಸ್ಸನ್ನಾಗಲಿ ಶಕ್ತಿಗನುಸಾರವಾಗಿ ಆಚರಿಸಬೇಕೆಂಬುದು ಇವುಗಳ ತಾತ್ಪರ್ಯ. ಇರುವ ಶಕ್ತಿಯನ್ನು ಮರೆಮಾಚುವುದು ಹೇಗೆ ದೋಷವೋ, ಇಲ್ಲದ ಶಕ್ತಿಯನ್ನು ಇದೆಯೆಂದು ಭಾವಿಸಿ ದೇಹವನ್ನು ಕೆಡಿಸಿಕೊಳ್ಳುವುದೂ ಹಾಗೆಯೇ ಅವಿವೇಕ. ಶಕ್ತಿಯನ್ನು ಅಳೆಯಬೇಕಾದರೆ ದೇಹದ ಸ್ಥಿತಿಯನ್ನು ಅರಿಯಬೇಕು. ರೋಗವಿದ್ದರೆ ಅದರ ಸ್ವರೂಪವನ್ನೂ, ಸೇವಿಸುವ ಔಷಧದ ಗುಣವನ್ನೂ ಅರಿಯಬೇಕು.

ಇಂದು ಅನೇಕ ಗೃಹಗಳಲ್ಲಿ, ವಿಶೇಷವಾಗಿ ಸ್ತ್ರೀಯರಲ್ಲಿ, ಥೈರಾಯ್ಡ್ ಗ್ರಂಥಿಯ ಮಾಂದ್ಯಕ್ಕಾಗಿ ಪ್ರತಿದಿನ ಒಂದು ಸಣ್ಣ ಮಾತ್ರೆಯನ್ನು ಸೇವಿಸುವವರಿದ್ದಾರೆ. ಅದರ ಜೊತೆಗೆ ಕ್ಯಾಲ್ಸಿಯಂ, ಕಬ್ಬಿಣಾಂಶ, ಬಿ-೧೨, ಡಿ ಮೊದಲಾದ ಜೀವಸತ್ವದ ಮಾತ್ರೆಗಳೂ ಬಂದು ಸೇರಿರುತ್ತವೆ. ಮೇಲೆ ಅನಸ್ತಮಿತ ನಿಯಮ, ಅಷ್ಟಮಿ ಚತುರ್ದಶಿಗಳ ಏಕಾಶನ, ದಶಲಕ್ಷಣ ಪರ್ವದ ಉಪವಾಸಗಳು. ಇವು ಮೂರನ್ನೂ ಹೊಂದಿಸಿಕೊಳ್ಳಲು ತಿಳಿಯದೆ ಕೆಲವರು ವ್ರತವನ್ನು ಬಿಡುತ್ತಾರೆ, ಕೆಲವರು ಔಷಧವನ್ನು ಬಿಡುತ್ತಾರೆ. ಹಲವರು ಎಲ್ಲ ಮಾತ್ರೆಗಳನ್ನೂ ಒಂದೇ ಹಿಡಿಯಲ್ಲಿ ನುಂಗಿ, ಔಷಧ ಸೇವಿಸಿಯೂ ಅದರ ಫಲವನ್ನು ಕಳೆದುಕೊಳ್ಳುತ್ತಾರೆ. ಈ ಮೂರು ತಪ್ಪುಗಳನ್ನೂ ಪರಿಹರಿಸಿಕೊಳ್ಳುವ ಕ್ರಮವನ್ನು ವಿವರಿಸುವುದೇ ಪ್ರಕೃತ ಪಾಠದ ಉದ್ದೇಶ.

೧. ಗ್ರಂಥಿ ಮತ್ತು ಅದರ ರಸ

ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿರುವುದು ಥೈರಾಯ್ಡ್ ಗ್ರಂಥಿ. ಆಹಾರದಲ್ಲಿ ಬರುವ ಅಯೋಡಿನ್ನನ್ನು ಹೀರಿಕೊಂಡು ಇದು ಥೈರಾಕ್ಸಿನ್ ಎಂಬ ರಸವನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ದೇಹದ ಉಷ್ಣ, ನಾಡಿಯ ವೇಗ, ಜೀರ್ಣಕ್ರಿಯೆ, ಸ್ನಾಯುಗಳ ಬಲ, ಮನಸ್ಸಿನ ಚುರುಕು ಇವೆಲ್ಲವೂ ಈ ರಸದ ಪ್ರಮಾಣವನ್ನು ಅವಲಂಬಿಸಿವೆ. ಗ್ರಂಥಿ ಸಾಕಷ್ಟು ರಸವನ್ನು ಕೊಡದಿದ್ದಾಗ ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಪ್ರೇರಕ ರಸವನ್ನು ಹೆಚ್ಚಾಗಿ ಸುರಿಸುತ್ತದೆ. ಆದುದರಿಂದಲೇ ರಕ್ತಪರೀಕ್ಷೆಯಲ್ಲಿ ಟಿ.ಎಸ್.ಎಚ್. ಏರಿದ್ದರೆ ಥೈರಾಯ್ಡ್ ರಸ ಸಾಲದೆಂದೂ, ತೀರ ಇಳಿದಿದ್ದರೆ ರಸ ಅತಿಯಾಗಿದೆಯೆಂದೂ ವೈದ್ಯರು ಸಾಮಾನ್ಯವಾಗಿ ನಿರ್ಣಯಿಸುತ್ತಾರೆ.

ರಸ ಕಡಿಮೆಯಾದವರಿಗೆ ಆಯಾಸ, ಚಳಿ ತಡೆಯಲಾರದಿರುವುದು, ಮಲಬದ್ಧತೆ, ಒಣಚರ್ಮ, ಧ್ವನಿ ಒರಟಾಗುವುದು, ಮೈತೂಕ ಏರುವುದು, ನಿದ್ರಾಲಸ್ಯ, ಮರೆವು ಮುಂತಾದ ಲಕ್ಷಣಗಳು ನಿಧಾನವಾಗಿ ಕಾಣಿಸಿಕೊಳ್ಳುತ್ತವೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ವ್ರತ ಹಿಡಿದವರಲ್ಲಿ ಈ ಆಯಾಸವನ್ನು ಉಪವಾಸದ ದಣಿವೆಂದು ತಿಳಿಯುವುದುಂಟು. ಸಾಮಾಯಿಕದಲ್ಲಿ ತೂಕಡಿಸುವ ಸೊಸೆಯನ್ನು ಪ್ರಮಾದಿಯೆಂದು ಮನೆಯವರು ಆಡಿಕೊಳ್ಳುವುದೂ ಉಂಟು. ಪ್ರಮಾದ ಬೇರೆ, ರೋಗ ಬೇರೆ. ಪ್ರಮಾದಕ್ಕೆ ಜಾಗೃತಿಯೇ ಮದ್ದು. ರೋಗಕ್ಕೆ ಔಷಧವೇ ಮದ್ದು.

೨. ಪ್ರಾಣಿಯ ಗ್ರಂಥಿಯಿಂದ ರಾಸಾಯನಿಕ ಔಷಧದವರೆಗೆ

ಅಹಿಂಸಾಧರ್ಮಿಗಳು ಈ ಔಷಧದ ಇತಿಹಾಸವನ್ನು ತಿಳಿಯುವುದು ಯುಕ್ತ. ೧೮೯೧ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ನಗರದ ವೈದ್ಯ ಜಾರ್ಜ್ ಮರ್ರೆಯವರು ಕುರಿಯ ಥೈರಾಯ್ಡ್ ಗ್ರಂಥಿಯ ಸತ್ವವನ್ನು ೪೬ ವರ್ಷದ ಒಬ್ಬ ರೋಗಿಣಿಗೆ ಚುಚ್ಚಿ ಗುಣಪಡಿಸಿದರು. ಆಕೆ ೧೯೧೯ರವರೆಗೆ ಬದುಕಿದಳು. ಆದರೆ ಆ ಒಂದು ಜೀವಕ್ಕೆ ಬೇಕಾದ ಔಷಧಕ್ಕಾಗಿ ೮೭೦ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬಳಕೆಯಾಗಿದ್ದವೆಂದು ಆ ವೈದ್ಯರೇ ಲೆಕ್ಕ ಕೊಟ್ಟಿದ್ದಾರೆ. ೧೯೧೪ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲರು ಥೈರಾಕ್ಸಿನ್ನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ೧೯೨೦ರ ದಶಕದಲ್ಲಿ ಚಾರ್ಲ್ಸ್ ಹ್ಯಾರಿಂಗ್ಟನ್ನರು ಅದರ ರಚನೆಯನ್ನು ಕಂಡುಹಿಡಿದು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಇಂದು ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಲೆವೊಥೈರಾಕ್ಸಿನ್ ರಾಸಾಯನಿಕವಾಗಿ ತಯಾರಾದುದು. ಅದಕ್ಕೆ ಪ್ರಾಣಿಯ ಗ್ರಂಥಿ ಬೇಕಿಲ್ಲ. ಪ್ರಾಣಿಗ್ರಂಥಿಯನ್ನು ಒಣಗಿಸಿ ಮಾಡಿದ ಮಾತ್ರೆಗಳು ಕೆಲವು ದೇಶಗಳಲ್ಲಿ ಇನ್ನೂ ಮಾರಾಟವಾಗುತ್ತವೆ. ವಿದೇಶಗಳಲ್ಲಿ ನೆಲೆಸಿರುವ ಶ್ರಾವಕರು ಈ ವ್ಯತ್ಯಾಸವನ್ನು ವಿಚಾರಿಸಿ ತಿಳಿದುಕೊಳ್ಳಬೇಕು.

ಹಿಂಸೆಯಿಲ್ಲದ ಚಿಕಿತ್ಸೆಯ ಹಂಬಲ ಜೈನರಿಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವರಾದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿ, ಔಷಧದಲ್ಲಿ ಮಾಂಸದ ಪ್ರಯೋಗವನ್ನು ಖಂಡಿಸಿದರು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಕೃತಿಯನ್ನು 'ಕರ್ಣಾಟಕ ಕಲ್ಯಾಣಕಾರಕ'ವಾಗಿ ಕನ್ನಡಕ್ಕೆ ತಂದನು. ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆ ಅದರ ವೈಶಿಷ್ಟ್ಯ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಗಣಿಸಿದ ಪರಂಪರೆಗೆ ವೈದ್ಯಶಾಸ್ತ್ರವು ಪರಕೀಯವಲ್ಲ.

೩. ಬರಿಯ ಹೊಟ್ಟೆಯ ನಿಯಮ

ಲೆವೊಥೈರಾಕ್ಸಿನ್ ಅತ್ಯಲ್ಪ ಪ್ರಮಾಣದ ಔಷಧ. ೨೫, ೫೦, ೭೫, ೧೦೦ ಮೈಕ್ರೋಗ್ರಾಂ ಮುಂತಾಗಿ ಅದನ್ನು ಅಳೆಯುತ್ತಾರೆ. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. ಇಷ್ಟು ಅಲ್ಪವಾದುದರಿಂದ ಹೊಟ್ಟೆಯಲ್ಲಿ ಸ್ವಲ್ಪ ಅಡ್ಡಿಯಾದರೂ ಫಲ ಏರುಪೇರಾಗುತ್ತದೆ. ಬರಿಯ ಹೊಟ್ಟೆಯಲ್ಲಿ ಸೇವಿಸಿದರೂ ಸುಮಾರು ಶೇಕಡಾ ೬೦ರಿಂದ ೮೦ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ಆಹಾರದೊಡನೆ ಸೇವಿಸಿದರೆ ಅದೂ ಕಡಿಮೆಯಾಗುತ್ತದೆ.

ಆದುದರಿಂದ ಮಾತ್ರೆಯನ್ನು ಬೆಳಗ್ಗೆ ನೀರಿನೊಡನೆ ಮಾತ್ರ ಸೇವಿಸಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಏನನ್ನೂ ಸೇವಿಸದಿರಬೇಕು. ನಮ್ಮ ಪ್ರಾಂತದಲ್ಲಿ ಇದಕ್ಕೆ ಮೊದಲ ವಿಘ್ನ ಕಾಫಿ. ಮಾತ್ರೆಯ ಬೆನ್ನಿಗೇ ಕುಡಿದ ಕಾಫಿ ಔಷಧ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಹಾಲಿನಲ್ಲಿ ಸುಣ್ಣಾಂಶವಿರುವುದರಿಂದ ಹಾಲಿನೊಡನೆ ನುಂಗುವ ಪದ್ಧತಿಯೂ ಸಲ್ಲದು. ಸೋಯಾ ಹಿಟ್ಟಿನ ಪದಾರ್ಥಗಳು, ಇಸಬಗೋಲಿನಂಥ ನಾರಿನ ಪುಡಿ, ಎದೆಯುರಿಯ ಔಷಧಗಳು ಇವೂ ಅಡ್ಡಿ ಮಾಡತಕ್ಕವು.

ಅನಸ್ತಮಿತ ವ್ರತವುಳ್ಳವರಿಗೆ ಈ ನಿಯಮ ಕಷ್ಟವೆನಿಸಬಹುದು. ವಾಸ್ತವವಾಗಿ ಅದು ಶ್ರಾವಕರ ದಿನಚರ್ಯೆಗೆ ಸಹಜವಾಗಿ ಒಗ್ಗುತ್ತದೆ. ಮಾತ್ರೆಗೆ ಬ್ರಾಹ್ಮೀ ಮುಹೂರ್ತವೇ ಆಗಬೇಕೆಂದಿಲ್ಲ. ಹೊಟ್ಟೆ ಬರಿದಾಗಿರಬೇಕು, ವೇಳೆ ದಿನದಿನವೂ ಒಂದೇ ಆಗಿರಬೇಕು, ಇಷ್ಟೇ. ಸೂರ್ಯೋದಯವಾಗಿ ಎರಡು ಘಳಿಗೆ, ಎಂದರೆ ೪೮ ನಿಮಿಷ, ಕಳೆದ ಬಳಿಕ ಸೋಸಿದ ನೀರಿನೊಡನೆ ಮಾತ್ರೆಯನ್ನು ಸೇವಿಸಿ, ಮುಂದಿನ ಒಂದು ಗಂಟೆಯನ್ನು ಜಿನದರ್ಶನ, ಅಭಿಷೇಕ, ಪೂಜೆಗಳಲ್ಲಿ ಕಳೆದರೆ ವೈದ್ಯರ ನಿಯಮವೂ ಪಾಲಿತವಾಯಿತು, ಧರ್ಮದ ನಿಯಮವೂ ಪಾಲಿತವಾಯಿತು. ದರ್ಶನಕ್ಕೆ ಮೊದಲು ನೀರನ್ನೂ ಮುಟ್ಟದ ನಿಯಮವುಳ್ಳವರು ಬಸದಿಯಿಂದ ಬಂದು ಮಾತ್ರೆ ಸೇವಿಸಿ, ಅನಂತರದ ಒಂದು ಗಂಟೆಯನ್ನು ಸ್ವಾಧ್ಯಾಯಕ್ಕೆ ಮೀಸಲಿಡಬಹುದು.

ರಾತ್ರಿ ಮಲಗುವಾಗ, ಕೊನೆಯ ಊಟವಾಗಿ ಮೂರು ಗಂಟೆಗೂ ಹೆಚ್ಚು ಕಾಲ ಕಳೆದ ಮೇಲೆ, ಈ ಮಾತ್ರೆಯನ್ನು ಸೇವಿಸುವ ಇನ್ನೊಂದು ಕ್ರಮವೂ ಇದೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವವರಿಗೆ ಒಂಬತ್ತು ಗಂಟೆಯ ಹೊತ್ತಿಗೆ ಹೊಟ್ಟೆ ಬರಿದಾಗಿಯೇ ಇರುತ್ತದೆ. ಆದರೆ ರಾತ್ರಿಯಲ್ಲಿ ನಾಲ್ಕು ವಿಧದ ಆಹಾರವನ್ನೂ ತ್ಯಜಿಸಿದವರಿಗೆ ಇದು ಸಲ್ಲದು. ಅನ್ನವನ್ನು ಮಾತ್ರ ತ್ಯಜಿಸಿ, ನೀರು ಮತ್ತು ಔಷಧಗಳನ್ನು ಹೊರತುಪಡಿಸಿ ನಿಯಮ ಪಡೆದವರಿಗೆ ಮಾತ್ರ ಸಲ್ಲುತ್ತದೆ.

೪. ಸುಣ್ಣಾಂಶ ಮತ್ತು ಕಬ್ಬಿಣಾಂಶ

ಥೈರಾಯ್ಡ್ ಮಾತ್ರೆಗೆ ಪ್ರಬಲ ವಿರೋಧಿಗಳು ಈ ಎರಡು ಖನಿಜಗಳು. ಇವು ಹೊಟ್ಟೆಯಲ್ಲಿ ಔಷಧವನ್ನು ಹಿಡಿದುಕೊಂಡು, ಅದು ಕರುಳಿನಿಂದ ರಕ್ತಕ್ಕೆ ಹೋಗದಂತೆ ಮಾಡುತ್ತವೆ. ಹೀಗೆ ಕಟ್ಟುಬಿದ್ದ ಔಷಧ ಮಲದೊಡನೆ ಹೊರಹೋಗುತ್ತದೆ. ೧೯೯೨ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ೧೪ ಮಂದಿ ರೋಗಿಗಳು ೧೨ ವಾರ ಥೈರಾಕ್ಸಿನ್ನಿನ ಜೊತೆಯಲ್ಲಿಯೇ ೩೦೦ ಮಿಲಿಗ್ರಾಂ ಕಬ್ಬಿಣದ ಮಾತ್ರೆಯನ್ನೂ ಸೇವಿಸಿದಾಗ, ಅವರ ಟಿ.ಎಸ್.ಎಚ್. ಸರಾಸರಿಯು ೧.೬ರಿಂದ ೫.೪ಕ್ಕೆ ಏರಿತು. ೨೦೦೦ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ೨೦ ಮಂದಿ ದಿನಕ್ಕೆ ೧೨೦೦ ಮಿಲಿಗ್ರಾಂ ಸುಣ್ಣಾಂಶವನ್ನು ಮೂರು ತಿಂಗಳು ಒಟ್ಟಿಗೇ ಸೇವಿಸಿದರು, ಟಿ.ಎಸ್.ಎಚ್. ಏರಿತು, ಸುಣ್ಣಾಂಶವನ್ನು ನಿಲ್ಲಿಸಿದೊಡನೆ ಮತ್ತೆ ಇಳಿಯಿತು. ಔಷಧದ ಪ್ರಮಾಣದಲ್ಲಿ ಬದಲಾವಣೆ ಇರಲಿಲ್ಲ. ಬದಲಾದುದು ಸಹವಾಸ ಮಾತ್ರ.

ಇದರಿಂದ ಮನೆಯಲ್ಲಿ ಏನಾಗಬಹುದೆಂಬುದನ್ನು ಒಂದು ಕಲ್ಪಿತ ದೃಷ್ಟಾಂತದಿಂದ ನೋಡೋಣ. ಅರವತ್ತು ವರ್ಷದ ಶ್ರಾವಿಕೆಯೊಬ್ಬಳು ಹತ್ತು ವರ್ಷಗಳಿಂದ ಥೈರಾಯ್ಡ್ ಮಾತ್ರೆಯನ್ನು ಸೇವಿಸುತ್ತಿದ್ದಾಳೆ. ಮಂಡಿನೋವಿಗೆಂದು ಇನ್ನೊಬ್ಬ ವೈದ್ಯರು ಕ್ಯಾಲ್ಸಿಯಂ ಕೊಡುತ್ತಾರೆ. ಮರೆತುಹೋಗದಿರಲೆಂದು ಆಕೆ ಎರಡನ್ನೂ ಬೆಳಗ್ಗೆ ಒಟ್ಟಿಗೇ ನುಂಗುತ್ತಾಳೆ. ಮೂರು ತಿಂಗಳಲ್ಲಿ ಆಯಾಸ ಹೆಚ್ಚುತ್ತದೆ, ಟಿ.ಎಸ್.ಎಚ್. ಏರುತ್ತದೆ. ಕ್ಯಾಲ್ಸಿಯಮ್ಮಿನ ಸಂಗತಿ ತಿಳಿಯದ ವೈದ್ಯರು ಥೈರಾಕ್ಸಿನ್ ಪ್ರಮಾಣವನ್ನು ಏರಿಸುತ್ತಾರೆ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬರುತ್ತದೆ. ಆಕೆ ಕ್ಯಾಲ್ಸಿಯಂ ಮಾತ್ರೆ ಅನಾವಶ್ಯಕವೆಂದು ಬಿಡುತ್ತಾಳೆ, ಬಳಿಕ ಮತ್ತೆ ಹಿಡಿಯುವುದೂ ಇಲ್ಲ. ಅಡ್ಡಿ ತೊಲಗಿತು, ಏರಿಸಿದ ಔಷಧ ಪೂರ್ತಿಯಾಗಿ ರಕ್ತಕ್ಕೆ ಸೇರತೊಡಗಿತು. ಕೆಲವು ವಾರಗಳಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ನಿದ್ರೆ ಬಾರದು. ಉಪವಾಸದಿಂದಲೇ ಹೀಗಾಯಿತೆಂದು ಮಕ್ಕಳು ದೂರುತ್ತಾರೆ. ಮುಂದಿನ ವರ್ಷ ತಾಯಿ ವ್ರತ ಹಿಡಿಯಬಾರದೆಂದು ತಡೆಯುತ್ತಾರೆ. ಇಲ್ಲಿ ಉಪವಾಸದ ತಪ್ಪೂ ಇಲ್ಲ, ಔಷಧದ ತಪ್ಪೂ ಇಲ್ಲ. ಕಾಲವಿವೇಕವಿಲ್ಲದುದೇ ತಪ್ಪು. ವೃದ್ಧರಲ್ಲಿ ಥೈರಾಕ್ಸಿನ್ ಅತಿಯಾದರೆ ನಾಡಿಯ ಲಯ ಕೆಡುವುದೂ, ಮೂಳೆ ಸವೆಯುವುದೂ ಸಂಭವನೀಯವಾದ್ದರಿಂದ ಇದನ್ನು ಲಘುವಾಗಿ ಎಣಿಸಬಾರದು.

ಪರಿಹಾರ ಸುಲಭ: ಥೈರಾಯ್ಡ್ ಮಾತ್ರೆಗೂ ಈ ಖನಿಜಗಳಿಗೂ ಕನಿಷ್ಠ ನಾಲ್ಕು ಗಂಟೆಗಳ ಅಂತರವಿರಬೇಕು. ಸುಣ್ಣಾಂಶವು ಕಬ್ಬಿಣಾಂಶಕ್ಕೂ ಅಡ್ಡಿ ಮಾಡುವುದರಿಂದ ಅವೆರಡನ್ನೂ ಬೇರೆ ಬೇರೆ ವೇಳೆಗೆ ಸೇವಿಸುವುದು ಮೇಲು. ಸಾಮಾನ್ಯ ದಿನಗಳಲ್ಲಿ ಅನಸ್ತಮಿತ ವ್ರತಿಗಳು ಅನುಸರಿಸಬಹುದಾದ ಕ್ರಮ ಹೀಗಿದೆ:

ಬೆಳಗ್ಗೆ ೭ ಗಂಟೆ: ನೀರಿನೊಡನೆ ಥೈರಾಯ್ಡ್ ಮಾತ್ರೆ ಮಾತ್ರ.
೮ ಗಂಟೆ: ಉಪಾಹಾರ, ಹಾಲು ಅಥವಾ ಕಾಫಿ.
೧೨ ಗಂಟೆ: ಊಟದ ವೇಳೆಗೆ ಕಬ್ಬಿಣಾಂಶದ ಮಾತ್ರೆ. ಇದರೊಡನೆ ಹಾಲು, ಮೊಸರು, ಕಾಫಿ, ಚಹಾ ಬೇಡ. ಹಸಿರು ತ್ಯಾಗವಿಲ್ಲದ ದಿನಗಳಲ್ಲಿ ನಿಂಬೆರಸವನ್ನೋ ನೆಲ್ಲಿಕಾಯಿಯನ್ನೋ ಸೇರಿಸಿದರೆ ಕಬ್ಬಿಣಾಂಶ ಚೆನ್ನಾಗಿ ರಕ್ತಗತವಾಗುತ್ತದೆ.
ಸಂಜೆ ೫ ಗಂಟೆ: ಸೂರ್ಯಾಸ್ತಕ್ಕೆ ಮೊದಲಿನ ಊಟದೊಡನೆ ಕ್ಯಾಲ್ಸಿಯಂ.

ಸೂರ್ಯೋದಯ ಸೂರ್ಯಾಸ್ತಗಳು ಋತುವಿಗೆ ತಕ್ಕಂತೆ ಸರಿದಂತೆ ಈ ವೇಳೆಗಳನ್ನೂ ಸರಿಸಿಕೊಳ್ಳಬಹುದು. ನಡುವಣ ಅಂತರ ಮಾತ್ರ ಕುಗ್ಗಬಾರದು.

೫. ಇತರ ಜೀವಸತ್ವಗಳು

ಬಿ-೧೨ ಜೀವಸತ್ವವು ತಾನಾಗಿ ಥೈರಾಯ್ಡ್ ಔಷಧವನ್ನು ತಡೆಯುವುದಿಲ್ಲ. ಶುದ್ಧ ಸಸ್ಯಾಹಾರಿಗಳಿಗೆ ಇದು ಮುಖ್ಯವಾಗಿ ಹಾಲು ಮೊಸರುಗಳಿಂದ ದೊರೆಯತಕ್ಕದ್ದು. ರಸಪರಿತ್ಯಾಗ ತಪದಲ್ಲಿ ಹಾಲು, ಮೊಸರುಗಳನ್ನು ದೀರ್ಘಕಾಲ ಬಿಟ್ಟವರಿಗೆ ಇದರ ಕೊರತೆ ಬರಬಹುದು. ಕೈಕಾಲು ಜೋಮು, ನಾಲಗೆ ಉರಿ, ಮರೆವು ಇದರ ಲಕ್ಷಣಗಳು. ಮಾತ್ರೆಗಾಗಿ ಈ ಜೀವಸತ್ವವನ್ನು ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ.

ಡಿ ಜೀವಸತ್ವವೂ ನೇರವಾಗಿ ಅಡ್ಡಿ ಮಾಡತಕ್ಕದ್ದಲ್ಲ. ಆದರೆ ಅಂಗಡಿಯಲ್ಲಿ ಅದು ಬಹುತೇಕ ಕ್ಯಾಲ್ಸಿಯಮ್ಮಿನೊಡನೆ ಕೂಡಿಯೇ ದೊರೆಯುತ್ತದೆ. ಆಗ ಕ್ಯಾಲ್ಸಿಯಮ್ಮಿನ ನಿಯಮವೇ ಅದಕ್ಕೂ ಅನ್ವಯಿಸುತ್ತದೆ. ವಾರಕ್ಕೊಮ್ಮೆ ಕೊಡುವ ೬೦,೦೦೦ ಯೂನಿಟ್ಟಿನ ಪುಡಿ ಅಥವಾ ಮಾತ್ರೆಯನ್ನು ತಿಳಿಯದೆ ದಿನಕ್ಕೊಂದರಂತೆ ಸೇವಿಸಿದರೆ ರಕ್ತದಲ್ಲಿ ಸುಣ್ಣಾಂಶ ಅತಿಯಾಗಿ ಅಪಾಯವಾಗುತ್ತದೆ.

'ಮಲ್ಟಿವಿಟಮಿನ್' ಎಂಬ ಹೆಸರನ್ನು ನೋಡಿ ಅದರಲ್ಲಿ ಜೀವಸತ್ವಗಳು ಮಾತ್ರ ಇವೆಯೆಂದು ಭಾವಿಸಬಾರದು. ಅನೇಕ ಮಾತ್ರೆಗಳಲ್ಲಿ ಕಬ್ಬಿಣ, ಸುಣ್ಣ, ಸತು, ಮೆಗ್ನೀಸಿಯಂ ಸೇರಿರುತ್ತವೆ. ಖನಿಜ ಸೇರಿದ್ದರೆ ನಾಲ್ಕು ಗಂಟೆಯ ಅಂತರ ಬೇಕೇ ಬೇಕು.

ಅಯೋಡಿನ್ ವಿಷಯದಲ್ಲಿ ಎರಡು ಮಾತು. ಭಾರತ ಸರ್ಕಾರವು ೧೯೬೨ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿ ಉಪ್ಪಿಗೆ ಅಯೋಡಿನ್ ಸೇರಿಸುವ ವ್ಯವಸ್ಥೆ ಮಾಡಿತು. ಲವಣತ್ಯಾಗ ಮಾಡಿದವರಿಗೂ, ಅಯೋಡಿನ್ ಸೇರಿಸದ ಸೈಂಧವವನ್ನೇ ಸದಾ ಬಳಸುವವರಿಗೂ ಈ ಮೂಲ ತಪ್ಪಿಹೋಗುತ್ತದೆ. ಮನೆಯಲ್ಲಿ ಗರ್ಭಿಣಿಯರೂ ಬೆಳೆಯುವ ಮಕ್ಕಳೂ ಇದ್ದರೆ ಅವರಿಗಾದರೂ ಅಯೋಡಿನ್ ಉಪ್ಪಿನ ಅಡಿಗೆ ಇರಬೇಕು. ಆದರೆ ಥೈರಾಯ್ಡ್ ಮಾತ್ರೆ ಸೇವಿಸುವವರು ರೋಗ ಬೇಗ ಗುಣವಾಗಲೆಂದು ಸಮುದ್ರಪಾಚಿಯ ಮಾತ್ರೆಯನ್ನೋ ಅಯೋಡಿನ್ ದ್ರಾವಣವನ್ನೋ ತಾವಾಗಿ ಸೇವಿಸಬಾರದು. ಅತಿಯಾದ ಅಯೋಡಿನ್ ಕೂಡ ಗ್ರಂಥಿಯನ್ನು ಕೆಡಿಸಬಲ್ಲದು.

ಇನ್ನು ಬಯೋಟಿನ್. ಕೂದಲು ಉದುರುವುದಕ್ಕೆಂದು ಮಾರುವ ಈ ಜೀವಸತ್ವದ ಕತೆ ವಿಚಿತ್ರವಾದುದು. ಇದು ಔಷಧವನ್ನು ತಡೆಯುವುದಿಲ್ಲ, ಪರೀಕ್ಷೆಯನ್ನು ವಂಚಿಸುತ್ತದೆ. ದೇಹಕ್ಕೆ ದಿನಕ್ಕೆ ಬೇಕಾದುದು ಸುಮಾರು ೩೦ ಮೈಕ್ರೋಗ್ರಾಂ; ಕೂದಲಿನ ಮಾತ್ರೆಗಳಲ್ಲಿ ೫,೦೦೦ ಅಥವಾ ೧೦,೦೦೦ ಮೈಕ್ರೋಗ್ರಾಂ ಇರುವುದುಂಟು. ಕೆಲವು ಪ್ರಯೋಗಶಾಲೆಗಳ ಪರೀಕ್ಷಾವಿಧಾನದಲ್ಲಿಯೇ ಬಯೋಟಿನ್ನಿನ ಬಳಕೆಯಿರುವುದರಿಂದ, ರಕ್ತದಲ್ಲಿ ಅದು ಅತಿಯಾಗಿದ್ದರೆ ಟಿ.ಎಸ್.ಎಚ್. ಸುಳ್ಳಾಗಿ ಇಳಿದಂತೆಯೂ ಥೈರಾಕ್ಸಿನ್ ಸುಳ್ಳಾಗಿ ಏರಿದಂತೆಯೂ ತೋರಬಹುದು. ವರದಿಯನ್ನು ನಂಬಿ ಔಷಧವನ್ನು ತಗ್ಗಿಸಿದರೆ ರೋಗ ಮರುಕಳಿಸುತ್ತದೆ. ೨೦೧೭ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಬಯೋಟಿನ್ನಿನಿಂದ ರಕ್ತಪರೀಕ್ಷೆಗಳು ತಪ್ಪುವ ಬಗ್ಗೆ ಎಚ್ಚರಿಕೆ ಹೊರಡಿಸಿತು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಬಯೋಟಿನ್ನನ್ನು ನಿಲ್ಲಿಸಿ, ಸೇವಿಸುತ್ತಿದ್ದ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

೬. ವ್ರತದಿನಗಳ ಕ್ರಮ

ಲೆವೊಥೈರಾಕ್ಸಿನ್ನಿಗೆ ಒಂದು ವಿಶೇಷ ಗುಣವಿದೆ. ಅದು ರಕ್ತದಲ್ಲಿ ಬಹಳ ನಿಧಾನವಾಗಿ ಕರಗುತ್ತದೆ; ಅರ್ಧದಷ್ಟು ಕರಗಲು ಸುಮಾರು ಏಳು ದಿನ ಬೇಕು. ಈ ಗಣಿತದಂತೆ, ಗ್ರಂಥಿ ಸ್ವತಃ ಏನನ್ನೂ ಕೊಡದವರಲ್ಲಿಯೂ, ಒಂದು ದಿನ ಮಾತ್ರೆ ತಪ್ಪಿದರೆ ಸುಮಾರು ಹತ್ತರಲ್ಲಿ ಒಂದು ಭಾಗ, ಎರಡು ದಿನ ತಪ್ಪಿದರೆ ಸುಮಾರು ಐದರಲ್ಲಿ ಒಂದು ಭಾಗ ಮಾತ್ರ ಕಡಿಮೆಯಾಗುತ್ತದೆ. ಆದರೆ ಹತ್ತು ದಿನ ಬಿಟ್ಟರೆ ಉಳಿಯುವುದು ಐದರಲ್ಲಿ ಎರಡು ಭಾಗಕ್ಕಿಂತಲೂ ಕಡಿಮೆ. ಒಂದು ದಿನದ ಉಪವಾಸಕ್ಕೂ ಹತ್ತು ದಿನದ ಪರ್ವಕ್ಕೂ ಇರುವ ಭೇದ ಇದರಿಂದ ಸ್ಪಷ್ಟವಾಗುತ್ತದೆ.

ನೀರನ್ನು ಮಾತ್ರ ಇಟ್ಟುಕೊಂಡು ಮಾಡುವ ಅನುಪವಾಸದಲ್ಲಿ ತೊಡಕಿಲ್ಲ. ನೀರಿನೊಡನೆ ಮಾತ್ರೆಯನ್ನೂ ನಿಯಮದಲ್ಲಿ ಮೊದಲೇ ಹೊರತುಪಡಿಸಿಕೊಂಡರೆ ಸಾಕು. ಬೆಳಗ್ಗೆ ನೀರಿಗೆ ಅವಕಾಶವಿರುವ ಏಕಾಶನವೂ ಹೀಗೆಯೇ: ಬೆಳಗ್ಗೆ ಥೈರಾಯ್ಡ್ ಮಾತ್ರೆ, ನಾಲ್ಕು ಗಂಟೆಗೆ ಕಡಿಮೆಯಿಲ್ಲದ ಅಂತರದಲ್ಲಿ ಬರುವ ಒಂದೇ ಊಟದಲ್ಲಿ ಕಬ್ಬಿಣ ಅಥವಾ ಕ್ಯಾಲ್ಸಿಯಂ. ಎರಡೂ ಬೇಕಾದವರು ವೈದ್ಯರನ್ನು ಕೇಳಿ ದಿನ ಬಿಟ್ಟು ದಿನ ಒಂದೊಂದನ್ನು ಸೇವಿಸಬಹುದು.

ಹದಿನಾರು ಪ್ರಹರದ ಪ್ರೋಷಧೋಪವಾಸದಲ್ಲಿ ಸಪ್ತಮಿಯ ಮಧ್ಯಾಹ್ನದಿಂದ ನವಮಿಯ ಮಧ್ಯಾಹ್ನದವರೆಗೆ ನಾಲ್ಕು ವಿಧದ ಆಹಾರಕ್ಕೂ ತ್ಯಾಗವಿರುತ್ತದೆ. ಆಗ ಎರಡು ಬೆಳಗಿನ ಮಾತ್ರೆ ತಪ್ಪುತ್ತದೆ. ಬೇರೆ ರೋಗವಿಲ್ಲದ, ಟಿ.ಎಸ್.ಎಚ್. ಹದದಲ್ಲಿರುವ ವಯಸ್ಕರಿಗೆ ಇದರಿಂದ ಸಾಮಾನ್ಯವಾಗಿ ಹಾನಿಯಿಲ್ಲ. ತಪ್ಪಿದ ಮಾತ್ರೆಯನ್ನು ಮುಂದಿನ ದಿನಗಳಲ್ಲಿ ಹೆಚ್ಚುವರಿಯಾಗಿ ಸೇವಿಸಬೇಕೇ ಎಂಬುದನ್ನು ವ್ರತಕ್ಕೆ ಮೊದಲೇ ವೈದ್ಯರಿಂದ ತಿಳಿದುಕೊಳ್ಳಬೇಕು. ವೃದ್ಧರೂ ಹೃದ್ರೋಗಿಗಳೂ ತಾವಾಗಿ ಎರಡು ದಿನದ ಮಾತ್ರೆಯನ್ನು ಒಂದೇ ದಿನ ನುಂಗಬಾರದು.

ದಶಲಕ್ಷಣದ ಹತ್ತು ದಿನ, ಆಷ್ಟಾಹ್ನಿಕದ ಎಂಟು ದಿನಗಳಂಥ ದೀರ್ಘ ವ್ರತಗಳಲ್ಲಿ ಮಾತ್ರೆಯನ್ನು ಪೂರ್ತಿ ಬಿಡುವುದು ಸರಿಯಲ್ಲ. ಅಂಥವರು ಬೆಳಗಿನ ನೀರಿಗೂ ಔಷಧಕ್ಕೂ ಅವಕಾಶವಿರುವ ನಿಯಮವನ್ನು ಆಯ್ದುಕೊಳ್ಳಬೇಕು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು 'ಸಾಗಾರಧರ್ಮಾಮೃತ'ದಲ್ಲಿ ಉಪವಾಸಕ್ಕೆ ಅಶಕ್ತರಾದವರಿಗೆ ಅನುಪವಾಸವನ್ನೂ, ಅದಕ್ಕೂ ಅಶಕ್ತರಾದವರಿಗೆ ಆಚಾಮ್ಲ, ನಿರ್ವಿಕೃತಿ ಮೊದಲಾದವನ್ನೂ ವಿಧಿಸಿ, ಶಕ್ತಿಗನುಗುಣವಾದ ತಪವೇ ಶ್ರೇಯಸ್ಕರವೆಂದು ಹೇಳಿರುವುದು ಇಲ್ಲಿ ಸ್ಮರಣೀಯ. ಮೆಟ್ಟಿಲುಗಳಿರುವುದು ಏರುವವರ ಅನುಕೂಲಕ್ಕಾಗಿ; ಕೆಳಗಿನ ಮೆಟ್ಟಿಲಿನಲ್ಲಿ ನಿಂತವನು ಮಾರ್ಗದಿಂದ ಹೊರಗಿಲ್ಲ.

ಪಾರಣೆಯ ದಿನ ವಿಶೇಷ ಎಚ್ಚರ ಬೇಕು. ಉಪವಾಸ ಮುಗಿದ ಸಂಭ್ರಮದಲ್ಲಿ ಮಾತ್ರೆ ನುಂಗಿ ಒಡನೆಯೇ ಹಾಲು, ಗಂಜಿಗಳನ್ನು ಸೇವಿಸುವುದು ವಾಡಿಕೆ. ಪಾರಣೆಗೆ ಒಂದು ಗಂಟೆ ಮೊದಲೇ ನೀರಿನೊಡನೆ ಮಾತ್ರೆಯನ್ನು ಸೇವಿಸುವುದು ಉಚಿತ.

ಗರ್ಭಿಣಿಯರು ಒಂದು ದಿನವೂ ಮಾತ್ರೆ ತಪ್ಪಿಸಬಾರದು. ಮೊದಲ ತಿಂಗಳುಗಳಲ್ಲಿ ಶಿಶುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಥೈರಾಯ್ಡ್ ರಸವೇ ಆಧಾರ. ಗರ್ಭ ನಿಂತುದು ತಿಳಿದೊಡನೆ ಔಷಧದ ಪ್ರಮಾಣವನ್ನು ಏರಿಸಬೇಕಾಗುವುದು ಸಾಮಾನ್ಯ. ಆ ಕಾಲದಲ್ಲಿಯೇ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನೂ ಕೊಡುವುದರಿಂದ ನಾಲ್ಕು ಗಂಟೆಯ ಅಂತರ ಅವರಿಗೆ ಎಲ್ಲರಿಗಿಂತ ಮುಖ್ಯ. ಗ್ರಂಥಿಯ ಅರ್ಬುದಕ್ಕಾಗಿ ಶಸ್ತ್ರಚಿಕಿತ್ಸೆಯಾದವರೂ, ಹುಟ್ಟಿನಿಂದ ಈ ಕೊರತೆಯುಳ್ಳ ಮಕ್ಕಳೂ ಮಾತ್ರೆಯನ್ನು ಬಿಡತಕ್ಕವರಲ್ಲ.

೭. ಮಾತ್ರೆಯ ಮೂಲಶುದ್ಧಿ

ವ್ರತಿಗಳು ಜೀವಸತ್ವದ ಮಾತ್ರೆಯನ್ನು ಕೊಳ್ಳುವಾಗ ಅದರ ಮೂಲವನ್ನು ವಿಚಾರಿಸಬೇಕು. ಮೃದು ಕ್ಯಾಪ್ಸೂಲುಗಳ ಹೊದಿಕೆ ಬಹುತೇಕ ಜಿಲೆಟಿನ್ನಿನದು. ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುತ್ತದೆ. ಸಸ್ಯಮೂಲದ ಸೆಲ್ಯುಲೋಸಿನಿಂದ ಮಾಡಿದ ಕ್ಯಾಪ್ಸೂಲುಗಳೂ ದೊರೆಯುತ್ತವೆ. ಡಿ-೩ ಜೀವಸತ್ವವನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ಕಲ್ಲುಹೂವಿನಿಂದ ತಯಾರಿಸಿದುದೂ ಇದೆ. ಮೀನೆಣ್ಣೆಯ ಮಾತ್ರೆ ಸರ್ವಥಾ ತ್ಯಾಜ್ಯ. ಕೆಲವು ರಕ್ತವರ್ಧಕ ಟಾನಿಕ್‌ಗಳಲ್ಲಿ ಯಕೃತ್ತಿನ ಸತ್ವವೋ ಪ್ರಾಣಿರಕ್ತದ ಹಿಮೋಗ್ಲೋಬಿನ್ನೋ ಸೇರಿರುವುದುಂಟು. ಕೆಲವದರಲ್ಲಿ ಮದ್ಯಸಾರವೂ, ಲೇಹ್ಯಗಳಲ್ಲಿ ಜೇನೂ ಇರುತ್ತವೆ. ಅಷ್ಟಮೂಲಗುಣಧಾರಿಗಳು ಪೊಟ್ಟಣದ ಮೇಲಿನ ಘಟಕಗಳ ಪಟ್ಟಿಯನ್ನು ಓದದೆ ಕೊಳ್ಳಬಾರದು. ಸಂದೇಹವಿದ್ದರೆ ಔಷಧವನ್ನು ಸುಮ್ಮನೆ ಬಿಡದೆ, ಶುದ್ಧವಾದ ಬದಲಿ ಯಾವುದೆಂದು ವೈದ್ಯರನ್ನೂ ಔಷಧದ ಅಂಗಡಿಯವರನ್ನೂ ಕೇಳಬೇಕು.

೮. ಶಂಕೆ ಮತ್ತು ಸಮಾಧಾನ

ಶಂಕೆ: ಮಾತ್ರೆ ಸೇವಿಸಿದರೆ ಉಪವಾಸ ಭಂಗವಾಗುವುದಿಲ್ಲವೇ?
ಸಮಾಧಾನ: ಸಂಕಲ್ಪದಲ್ಲಿ ಏನನ್ನು ತ್ಯಜಿಸಲಾಗಿದೆಯೋ ಅದನ್ನು ಸೇವಿಸಿದರೆ ಭಂಗ. ಆದುದರಿಂದ ನಿಯಮ ಪಡೆಯುವ ಮೊದಲೇ ಗುರುಗಳ ಸನ್ನಿಧಿಯಲ್ಲಿ ರೋಗದ ಸಂಗತಿಯನ್ನು ಮುಚ್ಚಿಡದೆ ನಿವೇದಿಸಿ, ಔಷಧವನ್ನು ಹೊರತುಪಡಿಸಿ ನಿಯಮ ಪಡೆಯಬೇಕು. ನಾಚಿಕೆಯಿಂದ ಪೂರ್ಣ ತ್ಯಾಗವನ್ನು ಒಪ್ಪಿಕೊಂಡು ಅನಂತರ ಗುಟ್ಟಾಗಿ ಸೇವಿಸುವುದು ವ್ರತಕ್ಕೂ ಸತ್ಯಕ್ಕೂ ಹಾನಿ.

ಶಂಕೆ: ದಿನಕ್ಕೊಮ್ಮೆ ಮಾತ್ರ ಆಹಾರ ಜಲಗಳನ್ನು ಸ್ವೀಕರಿಸುವ ಮುನಿಗಳಿಗೂ ಆರ್ಯಿಕೆಯರಿಗೂ ಈ ರೋಗವಿದ್ದರೆ ಶ್ರಾವಕರು ಏನು ಮಾಡಬೇಕು?
ಸಮಾಧಾನ: ಅಲ್ಲಿ ಬರಿಯ ಹೊಟ್ಟೆಯ ನಿಯಮ ಪೂರ್ತಿ ಸಾಧ್ಯವಿಲ್ಲ. ಆಹಾರದ ಆರಂಭದಲ್ಲಿಯೇ, ಪ್ರತಿದಿನವೂ ಒಂದೇ ರೀತಿಯಲ್ಲಿ ಔಷಧವನ್ನು ಕೊಟ್ಟರೆ, ರಕ್ತಪರೀಕ್ಷೆಯನ್ನು ನೋಡಿ ವೈದ್ಯರು ಪ್ರಮಾಣವನ್ನು ಅದಕ್ಕೆ ಹೊಂದಿಸಬಲ್ಲರು. ಒಂದು ದಿನ ಒಂದು ರೀತಿ, ಮರುದಿನ ಇನ್ನೊಂದು ರೀತಿ ಆಗಬಾರದು. ಕಬ್ಬಿಣ, ಸುಣ್ಣಾಂಶಗಳ ಮಾತ್ರೆ ಅವಶ್ಯವೇ ಎಂಬುದನ್ನು ವೈದ್ಯರು ಮೊದಲು ತೂಗಿನೋಡಬೇಕು. ವಿಹಾರದಲ್ಲಿ ಊರಿಂದೂರಿಗೆ ಆಹಾರ ಕೊಡುವ ಮನೆಗಳು ಬದಲಾಗುವುದರಿಂದ ಈ ವಿವರವನ್ನು ಸಂಘದವರು ಬರೆದಿಟ್ಟು ಮುಂದಿನ ಊರಿನವರಿಗೆ ತಿಳಿಸುವುದು ಔಷಧದಾನದ ಒಂದು ಅಂಗವೇ ಸರಿ.

ಶಂಕೆ: ಮರೆತು ಎರಡು ಮಾತ್ರೆಗಳನ್ನೂ ಒಟ್ಟಿಗೆ ನುಂಗಿದರೆ?
ಸಮಾಧಾನ: ಒಂದು ದಿನದ ಮರೆವಿಗೆ ಭಯ ಬೇಡ. ಇನ್ನೊಂದು ಮಾತ್ರೆಯನ್ನು ನುಂ​ಗದೆ, ಮರುದಿನದಿಂದ ಕ್ರಮವನ್ನು ಸರಿಪಡಿಸಿಕೊಂಡರೆ ಸಾಕು. ನಿತ್ಯದ ಅಭ್ಯಾಸವೇ ಹಾನಿಕರ.

ಶಂಕೆ: ಪೌಷ್ಟಿಕ ಜೀವಸತ್ವಗಳನ್ನು ಸೇವಿಸಿದರೆ ಥೈರಾಯ್ಡ್ ಮಾತ್ರೆಯನ್ನು ಬಿಡಬಹುದೇ?
ಸಮಾಧಾನ: ಬಿಡಲಾಗದು. ಜೀವಸತ್ವವು ಆಹಾರದ ಕೊರತೆಯನ್ನು ತುಂಬುತ್ತದೆ. ಗ್ರಂಥಿಯ ರಸದ ಕೊರತೆಯನ್ನು ತುಂಬುವುದಿಲ್ಲ. ಆರೋಗ್ಯವಾಗಿದ್ದೇನೆಂಬ ಅನುಭವವು ಮಾತ್ರೆಯ ಫಲವೇ ಹೊರತು ಮಾತ್ರೆ ಬೇಡವೆಂಬುದಕ್ಕೆ ಪ್ರಮಾಣವಲ್ಲ.

ಶಂಕೆ: ಕ್ರಮವನ್ನು ಬದಲಿಸಿದ ಮೇಲೆ ಪರೀಕ್ಷೆ ಯಾವಾಗ?
ಸಮಾಧಾನ: ಹೊಸ ಮಾತ್ರೆಯನ್ನು ಸೇರಿಸಿದಾಗ, ವೇಳೆಯನ್ನು ಬದಲಿಸಿದಾಗ, ಪ್ರಮಾಣ ಬದಲಾದಾಗ ಆರರಿಂದ ಎಂಟು ವಾರಗಳ ಬಳಿಕ ಟಿ.ಎಸ್.ಎಚ್. ಪರೀಕ್ಷಿಸಬೇಕು. ಅದಕ್ಕೆ ಮೊದಲು ರಕ್ತವು ಹೊಸ ಸ್ಥಿತಿಗೆ ಬಂದು ನಿಲ್ಲುವುದಿಲ್ಲ.

೯. ಉಪಸಂಹಾರ

ಈ ಪಾಠದ ಸಾರವನ್ನು ಹೀಗೆ ಸಂಗ್ರಹಿಸಬಹುದು. ಥೈರಾಯ್ಡ್ ಮಾತ್ರೆಯನ್ನು ನೀರಿನೊಡನೆ ಒಂಟಿಯಾಗಿ ಸೇವಿಸಬೇಕು. ಒಂದು ಗಂಟೆಯವರೆಗೆ ಆಹಾರವೂ ಕಾಫಿಯೂ ಕೂಡದು. ಕಬ್ಬಿಣ, ಸುಣ್ಣಾಂಶಗಳಿಗೆ ನಾಲ್ಕು ಗಂಟೆಯ ಅಂತರವಿರಬೇಕು. ಪರೀಕ್ಷೆಗೆ ಮೊದಲು ಬಯೋಟಿನ್ನನ್ನು ನಿಲ್ಲಿಸಬೇಕು. ಸೇವಿಸುವ ಸಕಲ ಮಾತ್ರೆಗಳ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಬೇಕು. ದೀರ್ಘ ವ್ರತವನ್ನು ಹಿಡಿಯುವ ಒಂದೆರಡು ತಿಂಗಳ ಮೊದಲೇ ವೈದ್ಯರನ್ನೂ ಗುರುಗಳನ್ನೂ ಕಾಣಬೇಕು.

ದೇಹವು ಆತ್ಮವಲ್ಲ, ಪುದ್ಗಲವೇ ಸರಿ. ಆದರೆ ಮನುಷ್ಯಪರ್ಯಾಯವಿಲ್ಲದೆ ಸಂಯಮವಿಲ್ಲ, ದೇಹದ ಸಹಕಾರವಿಲ್ಲದೆ ಸ್ವಾಧ್ಯಾಯ ಸಾಮಾಯಿಕಗಳೂ ಇಲ್ಲ. ನೀರನ್ನು ಸೋಸಿ ಕುಡಿಯುವಲ್ಲಿ, ನೆಲವನ್ನು ನೋಡಿ ನಡೆಯುವಲ್ಲಿ ಶ್ರಾವಕನು ತೋರುವ ಯತ್ನಾಚಾರವನ್ನೇ ಮಾತ್ರೆಯನ್ನು ನುಂಗುವಲ್ಲಿಯೂ ತೋರಿದರೆ ವ್ರತವೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ. ಬರುವ ಭಾದ್ರಪದದ ವ್ರತಗಳನ್ನು ರೋಗವುಳ್ಳವರೂ ತಮ್ಮ ತಮ್ಮ ಶಕ್ತಿಗನುಸಾರವಾಗಿ ನಿರ್ವಿಘ್ನವಾಗಿ ನೆರವೇರಿಸುವಂತಾಗಲಿ.